ಮೊಬೈಲ್ ಆಪ್ ಇರುವಾಗ ಸರ್ವೆಯರ್ ಏಕೆ?

ಪ್ರಶ್ನೆ: ಡಿಪ್ಲೊಮಾ ಮುಗಿಸಿದ್ದೇನೆ. ಭೂಮಾಪನಕ್ಕೆ ಇಳಿಯುವ ಆಸೆ. ಮೊಬೈಲ್ ಆಪ್‌ನಲ್ಲೇ ಜಮೀನಿನ ಅಳತೆ ಸಿಗುವಾಗ ಈ ಕೆಲಸಕ್ಕೆ ಮುಂದೆ ಬೆಲೆ ಇದೆಯೇ?

ಉತ್ತರ: ಈ ಪ್ರಶ್ನೆ ಬಾರದ ವಾರವಿಲ್ಲ. ಬಟ್ಟಬಯಲಿನಲ್ಲಿ ನಿಂತರೂ ಮೊಬೈಲಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಮರ, ಕಟ್ಟಡ ಪಕ್ಕದಲ್ಲಿದ್ದರೆ ಕೇಳುವುದೇ ಬೇಡ. 12 ಮೀಟರ್ ಅಗಲದ ನಿವೇಶನಕ್ಕೆ 5 ಮೀಟರ್ ತಪ್ಪು! ಇದನ್ನು ನಂಬಿ ಕಾಂಪೌಂಡ್ ಎಬ್ಬಿಸುವವರಿಂದ ನಮ್ಮ ಕೆಲಸ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಆರ್‌ಟಿಕೆ ಉಪಕರಣ (ಕೋಲಿನ ಮೇಲೆ ಕೂರಿಸುವ, ನೆಲದ ಕೇಂದ್ರವೊಂದರ ನೆರವಿನಿಂದ ಜಿಪಿಎಸ್ ತಪ್ಪನ್ನು ತಿದ್ದಿಕೊಳ್ಳುವ ಸಾಧನ) ಒಂದೆರಡು ಸೆಂಟಿಮೀಟರ್‌ವರೆಗೂ ಹಿಡಿಯುತ್ತದೆ, ನಿಜ. ಆದರೆ ಹಿಡಿಯುವುದು ನೀವು ಕೋಲು ಊರಿದ ಜಾಗವನ್ನು. ಎಲ್ಲಿ ಊರಬೇಕು ಎಂಬುದೇ ಕಸುಬು. ಮೂಲೆಯಲ್ಲೊಂದು ಕಲ್ಲು ಕಂಡಿತೆನ್ನಿ. ಮೊದಲಿನ ಗಡಿಕಲ್ಲೋ, ಯಾರೋ ಕಿತ್ತು ನೆಟ್ಟದ್ದೋ? ಬುಡ ಬಿಡಿಸಿ ನೋಡಿ: ಸುತ್ತಲಿನ ಮಣ್ಣು ಸಡಿಲವಾಗಿದೆಯೇ, ಪಾಚಿ ಹಿಡಿದ ಮೈ ಮಣ್ಣಿನೊಳಗೆ ಹೂತಿದೆಯೇ? ಬೇರೆರಡು ಕಲ್ಲುಗಳಿಂದ ಅಳೆದು ದಾಖಲೆಗೆ ತಾಳೆ ಹಾಕಿ. ತಾಳೆಯಾಗದಿದ್ದರೆ ಅವಸರ ಬೇಡ. ಹಳೆಯ ನಕ್ಷೆಯನ್ನು ಗುಂಟರ್ ಸರಪಳಿಯಿಂದ, ಅಂದರೆ ಹಿಂದೆ ಜಮೀನು ಅಳೆಯುತ್ತಿದ್ದ 66 ಅಡಿಯ, 100 ಕೊಂಡಿಗಳ ಲೋಹದ ಸರಪಳಿಯಿಂದ, ಅಳೆದು ಮಾಡಿರಬಹುದು. 5 ಸರಪಳಿ 30 ಕೊಂಡಿ ಎಂದರೆ 106.62 ಮೀಟರ್. ನಿಮಗೆ 106.80 ಬಂತೆಂದು ಒತ್ತುವರಿ ಎಂದು ಬರೆದುಬಿಟ್ಟರೆ ಕೆಟ್ಟಿತು. ಬಳಸಿ ಬಳಸಿ ಕೊಂಡಿ ಸವೆದು ಸರಪಳಿ ಉದ್ದವಾಗುತ್ತಿತ್ತು. ಉದ್ದವಾದ ಸರಪಳಿ ದೂರವನ್ನು ಕಡಿಮೆ ತೋರಿಸುತ್ತದೆ; ಹಾಗಾಗಿ ತಪ್ಪು ನಕ್ಷೆಯ ಅಂಕಿಯದೇ ಇರಬಹುದು. ಕದಲದ ಮೂಲ ಕಲ್ಲು ಸಿಕ್ಕರೆ ಅಮೆರಿಕದಂಥ ದೇಶಗಳ ನ್ಯಾಯಾಲಯಗಳು ಸಾಮಾನ್ಯವಾಗಿ ಕಾಗದದ ಅಂಕಿಗಿಂತ ಕಲ್ಲಿಗೇ ಮಣೆ ಹಾಕುತ್ತವೆ.

ಇದನ್ನೆಲ್ಲ ತೂಗಿನೋಡಿ ಸಹಿ ಹಾಕಲು ಮನುಷ್ಯ ಬೇಕು. ಆ ಅಧಿಕಾರ ಕೈಗೆ ಬರುವ ತನಕ ಹಿರಿಯರೊಬ್ಬರ ಕೈಕೆಳಗೆ ಬಿಸಿಲಲ್ಲಿ ಸ್ಟಾಫ್ (ಅಳತೆಗೋಲು) ಹಿಡಿದು ನಿಲ್ಲಿ. ಗಡಿ ಗುರುತಿಸಿ, ವರದಿ ಕೊಡಿ. ಜಮೀನು ಯಾರದೆಂದು ತೀರ್ಪು ಕೊಡಲು ಹೋಗಬೇಡಿ.

ಪ್ರಶ್ನೆ: ಗಣಿತ ಅಷ್ಟಕ್ಕಷ್ಟೆ. ಸಾಫ್ಟ್‌ವೇರ್ ಇದೆಯಲ್ಲ?

ಉತ್ತರ: ಇದೆ. ತಪ್ಪು ಅಂಕಿ ಕೊಟ್ಟರೆ ಅಚ್ಚುಕಟ್ಟಾದ ತಪ್ಪು ನಕ್ಷೆಯನ್ನೇ ಕೊಡುತ್ತದೆ. ಮೊದಲು ತ್ರಿಕೋನಮಿತಿ ಕಲಿಯಿರಿ.

ಪ್ರಶ್ನೆ: ಎರಡು ವಾರದ ಡ್ರೋನ್ ಕೋರ್ಸ್ ಮುಗಿಸಿದರೆ ಸರ್ವೆಯರ್ ಆಗಬಹುದಂತೆ?

ಉತ್ತರ: ಹಾರಿಸಲು ಬರಬಹುದು. ಪೊದೆಯಡಿ ಹೂತ ಕಲ್ಲು ಮೇಲಿನಿಂದ ಕಾಣುವುದಿಲ್ಲ. ಇಂಥ ಜಾಹೀರಾತು ಕೊಡುವವರಿಗೆ ಒಂದು ಪೈಸೆಯನ್ನೂ ಕಟ್ಟಬೇಡಿ.

ಪ್ರಶ್ನೆ: ಕೆಲಸ ಕೊಟ್ಟವರೇ "ಒಂದಡಿ ಆಚೆ ಸರಿಸಿ ಗುರುತು ಹಾಕಿ" ಎಂದರೆ?

ಉತ್ತರ: ಟ್ರೈಪಾಡ್ ಮಡಚಿ ಹೊರಡಿ. ಬಾಕಿ ಹಣಕ್ಕೆಂದು ನಿಲ್ಲಬೇಡಿ.