ಮ್ಯಾನ್ಯುಯಲ್‌ಗೆ ಪುಟಸಂಖ್ಯೆ: ‘3-12’ ಅಂತ ಹಾಕಬೇಕಾ, 1ರಿಂದ ಕೊನೆವರೆಗೆ ಓಡಿಸಬೇಕಾ?

ನಿಮ್ಮದು ಒಂಬತ್ತು ಅಧ್ಯಾಯದ, ಸುಮಾರು 220 ಪುಟದ ಯಂತ್ರದ ಮ್ಯಾನ್ಯುಯಲ್. ಮ್ಯಾನೇಜರ್‌ಗೆ ‘3-12’ ಥರ ಅಧ್ಯಾಯದ ಜೊತೆಗೆ ಪುಟ ಬೇಕು, ನಿಮಗೆ 1ರಿಂದ 220ರವರೆಗೆ ಸೀದಾ ಓಡಿಸುವ ಆಸೆ. ನಾನು ಮೊದಲು ಕೇಳುವುದು ಒಂದೇ: ಈ ಮ್ಯಾನ್ಯುಯಲ್ ಯಾರ ಕಪಾಟಿನಲ್ಲಾದರೂ ರಿಂಗ್ ಬೈಂಡರ್ ಆಗಿ ಕೂರುತ್ತದಾ? ಇಲ್ಲ, ಪಿಡಿಎಫ್ ಮಾತ್ರ ಅನ್ನುವುದಾದರೆ ನೀವು ಹೇಳಿದ್ದೇ ಸರಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುಖಪುಟವನ್ನೇ 1 ಅಂತ ಎಣಿಸಿ.

ಬೈಂಡರ್ ಯಾಕೆ ಕೇಳಿದೆ ಅಂದರೆ, ಹೈಫನ್ ಶೈಲಿಗೆ ನಿಜವಾದ ಕೆಲಸ ಇರುವುದು ಅಲ್ಲೇ. ಮೂರನೇ ಅಧ್ಯಾಯಕ್ಕೆ ಎರಡು ಪುಟ ಸೇರಿದರೆ ಅದೊಂದನ್ನೇ ಮತ್ತೆ ಮುದ್ರಿಸಿ ಕಳಿಸಬಹುದು. ನಾಲ್ಕನೆಯದು ತನ್ನ ಪಾಡಿಗೆ 4-1ರಿಂದಲೇ ಶುರು. ತೀರಾ ಅವಸರವಾದರೆ ಮಧ್ಯೆ ‘3-12ಎ’ ಅಂತ ಒಂದು ಹಾಳೆ ತುರುಕಬಹುದು.

ವಿಮಾನದ ಮೇಂಟೆನೆನ್ಸ್ ಮ್ಯಾನ್ಯುಯಲ್‌ಗಳು ಇದನ್ನು ಎಲ್ಲಿಗೆ ಒಯ್ದಿವೆ ನೋಡಿ. ವಿಮಾನದ ಯಾವ ಭಾಗಕ್ಕೆ ಯಾವ ಅಧ್ಯಾಯ ಅಂತ ಗೊತ್ತು ಮಾಡಿರುವ ಎಟಿಎ ಪದ್ಧತಿಯಲ್ಲಿ 32ನೇ ಅಧ್ಯಾಯ ಅಂದರೆ ಲ್ಯಾಂಡಿಂಗ್ ಗೇರ್, ವಿಮಾನ ಯಾರು ಮಾಡಿದ್ದೇ ಆಗಿರಲಿ. ಪುಟಸಂಖ್ಯೆಗೂ ಅರ್ಥವಿದೆ. 101ರಿಂದ ದೋಷ ಹುಡುಕುವುದು, 201ರಿಂದ ನಿರ್ವಹಣೆ, 401ರಿಂದ ಬಿಚ್ಚಿ ಜೋಡಿಸುವುದು. ಹಾಗಾಗಿ 8ನೇ ಪುಟ ಆದ ಮೇಲೆ ನೇರ 401 ಬಂದರೂ ಮೆಕ್ಯಾನಿಕ್‌ಗೆ ಗಾಬರಿಯಿಲ್ಲ. ಯಾವ ಪುಟ ಯಾವ ತಾರೀಖಿನದು ಅನ್ನುವ ಪಟ್ಟಿಯೂ ಜೊತೆಗಿರುತ್ತದೆ, ಹಾಳೆ ಕಳೆದುಹೋದರೆ ಗೊತ್ತಾಗಲಿ ಅಂತ. ಇಷ್ಟು ಶಿಸ್ತು ಇಲ್ಲದೆ ಸುಮ್ನೆ ಹೈಫನ್ ಹಾಕಿದರೆ ಅದು ಬರೀ ವೇಷ. 3-12 ಆದ ಮೇಲೆ 3-13 ಇದೆಯೋ, ಅಧ್ಯಾಯ ಅಲ್ಲಿಗೇ ಮುಗಿಯಿತೋ ಅಂತ ಓದುವವನಿಗೆ ಹೇಗೆ ತಿಳಿಯಬೇಕು?

ಮುಖಪುಟದಿಂದಲೇ ಎಣಿಸಿ ಅನ್ನುವುದನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ಪಂಪಿನ ಮ್ಯಾನ್ಯುಯಲ್ ಬರೆದಿದ್ದೆ. ಪುಸ್ತಕದವರ ಹಾಗೆ ಮುನ್ನುಡಿ, ಪರಿವಿಡಿ, ಎಚ್ಚರಿಕೆಗಳಿಗೆಲ್ಲ ರೋಮನ್ ಅಂಕಿ ಹಾಕಿದ್ದೆ, ಒಟ್ಟು 14 ಪುಟ. ಆಮೇಲೆ 1ರಿಂದ ಶುರು. ನೋಡಲು ತುಂಬಾ ಚೆಂದ ಇತ್ತು. ಒಂದು ದಿನ ಫೋನಿನಲ್ಲಿ ಟೆಕ್ನಿಷಿಯನ್‌ಗೆ ‘47ನೇ ಪುಟದ ಟಾರ್ಕ್ ಟೇಬಲ್ ನೋಡಿ’ ಅಂದೆ, ಮುಚ್ಚಳದ ಬೋಲ್ಟ್‌ಗಳನ್ನು ಎಷ್ಟು ಬಿಗಿಯಬೇಕು ಅನ್ನುವ ಪಟ್ಟಿ ಅದು. ಅವರು ಪಿಡಿಎಫ್‌ನ ಪುಟಸಂಖ್ಯೆಯ ಪೆಟ್ಟಿಗೆಯಲ್ಲಿ 47 ಒತ್ತಿದರು. ತೆರೆದದ್ದು ನಾನು 33 ಅಂತ ಮುದ್ರಿಸಿದ ಪುಟ. ಗ್ರಹಚಾರಕ್ಕೆ ಅಲ್ಲೂ ಒಂದು ಟಾರ್ಕ್ ಟೇಬಲ್ ಇತ್ತು, ಆದರೆ ಬುಡದ ದಪ್ಪ ಬೋಲ್ಟ್‌ಗಳದ್ದು. ಮುಚ್ಚಳದ ಸಣ್ಣ ಬೋಲ್ಟ್‌ಗಳನ್ನು ಆ ಲೆಕ್ಕದಲ್ಲಿ ಬಿಗಿದರು. ಎರಡು ತುಂಡಾದವು. ಮೂಲೆಯಲ್ಲಿ 33 ಅಂತ ಇತ್ತಲ್ಲ ಅಂತ ವಾದ ಮಾಡಬಹುದಿತ್ತು. ಮೇಲೆ ಪೆಟ್ಟಿಗೆ 47 ಅಂತ ತೋರಿಸುತ್ತಿರುವಾಗ ಮೂಲೆ ಯಾರು ನೋಡುತ್ತಾರೆ, ಅಲ್ವಾ?

ಹೈಫನ್‌ಗೆ ಇನ್ನೊಂದು ಕಾಟವಿದೆ. ‘4-11’ ಪುಟ ಮಾತ್ರ ಬೇಕು ಅಂತ ಪ್ರಿಂಟ್ ಪೆಟ್ಟಿಗೆಯಲ್ಲಿ ಹಾಗೇ ಬರೆದರೆ, 4ರಿಂದ 11ರವರೆಗೆ ಎಂಟು ಹಾಳೆ ಹೊರಗೆ ಬರುತ್ತವೆ. ಬೇಕಾಗಿದ್ದ ಹಾಳೆ ಅದರಲ್ಲಿ ಇರುವುದೂ ಅನುಮಾನ.

ವರ್ಡ್‌ನಲ್ಲಿ ಹೇಗೆ ಅಂತಲೂ ಕೇಳಿದ್ದೀರಿ. ಸೀದಾ ಸಂಖ್ಯೆ ಸುಲಭ. ಆದರೆ ಪ್ರತಿ ಸೆಕ್ಷನ್‌ನಲ್ಲೂ ‘ಫಾರ್ಮ್ಯಾಟ್ ಪೇಜ್ ನಂಬರ್ಸ್’ ತೆಗೆದು, ‘ಕಂಟಿನ್ಯೂ ಫ್ರಮ್ ಪ್ರೀವಿಯಸ್ ಸೆಕ್ಷನ್’ ಇದೆಯಾ ನೋಡಿ. ಬೇರೆ ಫೈಲಿನಿಂದ ಅಧ್ಯಾಯ ತಂದು ಅಂಟಿಸಿದಾಗ ಮಧ್ಯೆ ಎಲ್ಲೋ ಮತ್ತೆ 1 ಶುರುವಾಗಿರುತ್ತದೆ. ಮುಖಪುಟದ ಮೇಲೆ ಅಂಕಿ ಕಾಣುವುದು ಬೇಡವಾದರೆ ‘ಡಿಫರೆಂಟ್ ಫಸ್ಟ್ ಪೇಜ್’ ಗುರುತು ಮಾಡಿ, ಎಣಿಕೆ ತಪ್ಪುವುದಿಲ್ಲ. ಒಳಗಿನ ಉಲ್ಲೇಖಗಳಿಗೆ ಪುಟಕ್ಕಿಂತ ‘ವಿಭಾಗ 3.4 ನೋಡಿ’ ಅನ್ನುವುದೇ ವಾಸಿ. ನಾಳೆ ಇದೇ ಮ್ಯಾನ್ಯುಯಲ್ ಅನುವಾದವಾದರೆ ಪುಟಗಳು ಹಿಂದೆ ಮುಂದೆ ಆಗುತ್ತವೆ, ವಿಭಾಗದ ಸಂಖ್ಯೆ ಮಾತ್ರ ಹಾಗೇ ಇರುತ್ತದೆ.

ಮ್ಯಾನೇಜರ್ ಒಪ್ಪಲೇ ಇಲ್ಲ ಅಂದುಕೊಳ್ಳಿ. ಆಗ ಅದೇ ಫಾರ್ಮ್ಯಾಟ್ ಪೆಟ್ಟಿಗೆಯಲ್ಲಿ ‘ಇನ್‌ಕ್ಲೂಡ್ ಚಾಪ್ಟರ್ ನಂಬರ್’ ಇದೆ. ಅಧ್ಯಾಯದ ತಲೆಬರಹ ‘ಹೆಡಿಂಗ್ 1’ ಆಗಿದ್ದು, ಅದಕ್ಕೆ ಮಲ್ಟಿಲೆವೆಲ್ ಲಿಸ್ಟ್‌ನ ಸಂಖ್ಯೆ ಕೊಟ್ಟಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಪಿಡಿಎಫ್ ಮಾಡಿದ ಮೇಲೆ ಅಕ್ರೊಬ್ಯಾಟ್‌ನಲ್ಲಿ ‘ಪೇಜ್ ಲೇಬಲ್ಸ್’, ಅಂದರೆ ಪ್ರತಿ ಪುಟಕ್ಕೂ ಮುದ್ರಿಸಿದ ಸಂಖ್ಯೆಯದೇ ಹೆಸರು, ಕೂಡ ಹಾಕಿ. ಪೆಟ್ಟಿಗೆಯಲ್ಲಿ 3-12 ಅಂತ ಒತ್ತಿದರೆ ಸರಿಯಾದ ಪುಟಕ್ಕೇ ಹೋಗುತ್ತದೆ. ಕೆಲವು ರೀಡರ್‌ಗಳು ಈ ಲೇಬಲ್ ಕಡೆ ತಿರುಗಿಯೂ ನೋಡುವುದಿಲ್ಲ, ಆದ್ದರಿಂದ ನಿಮ್ಮ ಗ್ರಾಹಕರು ಯಾವುದರಲ್ಲಿ ತೆರೆಯುತ್ತಾರೆ ಅಂತ ಕೇಳಿ, ಅದರಲ್ಲೇ ಒಮ್ಮೆ ತೆರೆದು ನೋಡಿ.