ಬಿಚ್ಚಿದ ಮೇಲೆ ಜೋಡಿಸುತ್ತೇನೆಯೇ?

ಪ್ರಶ್ನೆ: ನನಗೆ 43 ವರ್ಷ. ಹನ್ನೊಂದು ವರ್ಷಗಳಿಂದ 1990ರ ಮಾದರಿಯ ಮಜ್ದಾ ಎಂಎಕ್ಸ್-5 ಎಂಬ, ಬಟ್ಟೆಯ ಹುಡ್‌ನ ಎರಡು ಸೀಟಿನ ಕಾರನ್ನೇ ದಿನವೂ ಓಡಿಸುತ್ತಿದ್ದೇನೆ. ಕಚೇರಿಗೂ ಅದೇ, ಮನೆಗೆ ಸಾಮಾನು ತರುವುದಕ್ಕೂ ಅದೇ. ಈಗ ಬಾಗಿಲ ಕೆಳಗಿನ ಸಿಲ್‌ಗಳಿಗೆ ತುಕ್ಕು ಹಿಡಿದಿದೆ. ಎಂಜಿನ್ ಆಯಿಲ್ ಕುಡಿಯುತ್ತಿದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ ಬರುತ್ತದೆ. ಓಡಾಟಕ್ಕೆ ಒಂದು ಸಾಧಾರಣ ಕಾರು ಕೊಂಡು, ಇದನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಬೇಕೆಂಬ ಆಸೆ ಇದೆ. ಆದರೆ ಕಷ್ಟಕಾಲದಲ್ಲಿ ಜೊತೆಗಿದ್ದವರನ್ನು ಮೂಲೆಗೆ ತಳ್ಳಿದಂತೆ ಅನ್ನಿಸಿ ಮನಸ್ಸು ಬರುತ್ತಿಲ್ಲ. ಹೆಂಡತಿಯನ್ನು ಕೇಳಿದರೆ, ‘ಬಿಚ್ಚುತ್ತೀರಿ, ಜೋಡಿಸುವುದಿಲ್ಲ’ ಎಂದಳು. ಏನು ಮಾಡಲಿ? ಹೇಗೂ ಬಿಚ್ಚುವುದಾದರೆ ದೊಡ್ಡ ಎಂಜಿನ್ ಕೂರಿಸಲೇ?

ಉತ್ತರ: ನಿಮ್ಮ ಪತ್ರ ಮೂರು ಪುಟವಿತ್ತು, ಮೇಲೆ ಅಚ್ಚಾಗಿರುವುದು ಅದರ ಸಾರ. ಎರಡೂವರೆ ಪುಟದ ತುಂಬ ತುಕ್ಕು, ಹೊಗೆ, ಆಯಿಲ್. ಹೆಂಡತಿಯ ಮಾತಿಗೆ ಒಂದೇ ಸಾಲು. ಆದರೂ ನೀವು ಕಾಗದ ಹಿಡಿದು ಕೂತದ್ದು ಆ ಒಂದು ಸಾಲಿನ ದೆಸೆಯಿಂದಲೇ ಎಂದು ನನ್ನ ಗುಮಾನಿ. ತುಕ್ಕಿಗೆ ಮದ್ದು ಬೇಕಾದವರು ಮೆಕ್ಯಾನಿಕ್ ಹತ್ತಿರ ಹೋಗುತ್ತಾರೆ, ಆಪ್ತ ಸಲಹೆಯ ಅಂಕಣಕ್ಕೆ ಬರೆಯುವುದಿಲ್ಲ. ನಿಮ್ಮ ಹೆಂಡತಿ ಬಾಯಿಬಿಟ್ಟು ಹೇಳಿದ ಅನುಮಾನ ಮೊದಲಿನಿಂದಲೂ ನಿಮ್ಮೊಳಗೇ ಇತ್ತು. ಚುಚ್ಚಿದ್ದು ಅದಕ್ಕೇ.

ಈ ವಿಷಯದಲ್ಲಿ ನಾನೇನೂ ಸಾಚಾ ಅಲ್ಲ. ಹಿಂದೊಮ್ಮೆ ಹಳೆಯ ಮೋಟಾರ್‌ಸೈಕಲ್ ಒಂದನ್ನು ಎರಡು ಭಾನುವಾರಗಳಲ್ಲಿ ಬಿಚ್ಚಿ ಹರವಿದೆ. ಬಿಚ್ಚುವ ಕೆಲಸದಷ್ಟು ಸುಖ ಇನ್ನೊಂದಿಲ್ಲ. ಪ್ರತಿ ಬೋಲ್ಟ್ ಸಡಿಲಾದಾಗಲೂ ಏನೋ ಸಾಧಿಸಿದಂತೆ ಆಗುತ್ತದೆ. ಮೂರನೆಯ ಭಾನುವಾರ ಎಂಟು ಡಬ್ಬಿಗಳ ನಟ್ಟು ಬೋಲ್ಟುಗಳ ಮುಂದೆ ಕೂತರೆ ಯಾವುದು ಎಲ್ಲಿಯದೆಂದೇ ತಿಳಿಯಲಿಲ್ಲ. ಒಂದಕ್ಕೂ ಚೀಟಿ ಅಂಟಿಸಿರಲಿಲ್ಲ. ನಾಲ್ಕು ವರ್ಷ ಆ ಡಬ್ಬಿಗಳನ್ನು ಮನೆಯಿಂದ ಮನೆಗೆ ಹೊತ್ತು, ಕೊನೆಗೆ ಡಬ್ಬಿಗಳ ಸಮೇತ ಮಾರಿದೆ. ಕೊಂಡ ಹುಡುಗ ಐದೇ ತಿಂಗಳಲ್ಲಿ ಅದನ್ನು ಓಡಿಸಿಕೊಂಡು ಬಂದು ತೋರಿಸಿದ. ಆ ದಿನ ಅವನೊಡನೆ ನಾನು ಸರಿಯಾಗಿ ಮಾತನ್ನೂ ಆಡಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಕಾರಿಗೆ ದಿನದ ದುಡಿಮೆಯಿಂದ ಬಿಡುವು ಕೊಡಿ, ಆದರೆ ಪೂರ್ತಿ ಬಿಚ್ಚಬೇಡಿ. ಇವು ಎರಡು ಬೇರೆ ಬೇರೆ ತೀರ್ಮಾನಗಳು. ನೀವು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡಿದ್ದರಿಂದ ಅದು ಎತ್ತಲಾಗದಷ್ಟು ಭಾರವಾಗಿದೆ.

ಮೊದಲನೆಯ ತೀರ್ಮಾನವನ್ನು ನಿಮ್ಮ ಭಾವನೆಗೆ ಬಿಡದೆ ಒಂದು ಸ್ಕ್ರೂಡ್ರೈವರಿಗೆ ಬಿಡಿ. ಹಿಂದಿನ ಚಕ್ರದ ಮುಂಭಾಗದಲ್ಲಿ, ಸಿಲ್ ಕೊನೆಯಾಗುವಲ್ಲಿ, ಬಣ್ಣ ಗುಳ್ಳೆ ಎದ್ದಿರುತ್ತದೆ. ಅಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಟಣ್ ಎಂದರೆ ಕಬ್ಬಿಣ ಇನ್ನೂ ಇದೆ. ಮಂದ ಸದ್ದು ಬಂದರೆ ಮೊನೆಯಿಂದ ಒತ್ತಿ ನೋಡಿ. ಒಳಗೆ ಇಳಿದರೆ ಮಾತು ಮುಗಿಯಿತು, ಮರುದಿನದಿಂದ ಅದರಲ್ಲಿ ಕಚೇರಿಗೆ ಹೋಗಕೂಡದು. ಮೇಲೆ ಗಟ್ಟಿ ಚಾವಣಿ ಇಲ್ಲದ ಕಾರಿನಲ್ಲಿ ಮೈ ಬಾಗದಂತೆ ಹಿಡಿದಿಡುವ ಭಾರವೆಲ್ಲ ಕಾರಿನ ತಳದ ಮೇಲೆ, ಅದರಲ್ಲೂ ಈ ಸಿಲ್‌ಗಳ ಮೇಲೆಯೇ ಬೀಳುತ್ತದೆ. ನಿಮ್ಮ ಕಾರಿಗೆ ಈ ಕಾಯಿಲೆ ಬರುವ ದಾರಿಯೂ ಗೊತ್ತಿರುವಂಥದ್ದೇ. ಬಟ್ಟೆಯ ಹುಡ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದೆ ಎರಡೂ ಬದಿಯ ಸಣ್ಣ ರಂಧ್ರಗಳಿಂದ ಇಳಿದು ಹೊರಗೆ ಹೋಗಬೇಕು. ಎಲೆ, ಕಸ ಸೇರಿ ಆ ದಾರಿ ಕಟ್ಟಿಕೊಂಡರೆ ನೀರು ಸಿಲ್‌ನೊಳಗೆ ನಿಂತು ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಬಹಳಷ್ಟು ನಡೆದುಹೋಗಿರುತ್ತದೆ. ಹೊಸ ತಗಡು ಬೆಸೆದು ರಂಧ್ರ ಶುಚಿ ಮಾಡದೆ ಬಿಟ್ಟವರೂ ಇದ್ದಾರೆ. ಕೆಲವೇ ವರ್ಷಗಳಲ್ಲಿ ಮತ್ತೆ ಅದೇ ಕಥೆ.

ಆದ್ದರಿಂದ ಮೊದಲ ಕೆಲಸ ಸಿಲ್‌ನದು, ಎಂಜಿನ್‌ನದಲ್ಲ. ಒಂದು ಬದಿ ಮುಗಿಸಿ, ಆಮೇಲೆ ಇನ್ನೊಂದು. ಕೊಯ್ಯುವ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡಪಟ್ಟಿ ಕಟ್ಟಿ ಬಿಗಿ ಮಾಡಿಸಿ. ಹಾಗೆ ಮಾಡದೆ ಕೊಯ್ದರೆ ಕಾರಿನ ನಡು ಕುಸಿದು, ಬೆಸುಗೆ ಎಷ್ಟೇ ಅಂದವಾಗಿದ್ದರೂ ಬಾಗಿಲು ಮುಚ್ಚಲಾರದು. ವೆಲ್ಡಿಂಗ್ ಕೈ ಪಳಗಿಲ್ಲದಿದ್ದರೆ ಇದೊಂದನ್ನು ಬಲ್ಲವರಿಗೆ ಕೊಡಿ. ಪಕ್ಕದಲ್ಲಿ ನಿಂತು ನೋಡಿದರೂ ಕಾರು ನಿಮ್ಮದೇ ಆಗಿರುತ್ತದೆ.

ಎಂಜಿನ್ ವಿಷಯದಲ್ಲಿ ನಿಮ್ಮ ಪತ್ರ ಅವಸರಪಡುತ್ತಿದೆ. ರಾತ್ರಿಯೆಲ್ಲ ನಿಂತ ಕಾರು ಬೆಳಿಗ್ಗೆ ಒಂದು ಬಾರಿ ನೀಲಿ ಹೊಗೆ ಬಿಟ್ಟು ಸುಮ್ಮನಾದರೆ, ಹೆಚ್ಚಾಗಿ ಅದು ವಾಲ್ವ್ ಸೀಲ್‌ಗಳ, ಅಂದರೆ ಆಯಿಲ್ ಸಿಲಿಂಡರಿಗೆ ಸೋರದಂತೆ ತಡೆಯುವ ರಬ್ಬರ್ ತಡೆಗಳ, ಸವೆತ. ಗಟ್ಟಿಯಾಗಿ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್‌ಗಳ ಮೇಲೆ ಸಂಶಯಪಡಬೇಕು. ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್, ಅಂದರೆ ಒಳಗೆ ಏಳುವ ಒತ್ತಡ, ಅಳೆಯಿಸಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚದಷ್ಟು ಆಯಿಲ್ ಹಾಕಿ ಮತ್ತೆ ಅಳೆದಾಗ ಅಂಕಿ ಏರಿದರೆ ದೋಷ ರಿಂಗ್‌ನಲ್ಲಿದೆ, ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ಅರ್ಧ ದಿನದ ಕೆಲಸ. ಅದಕ್ಕೂ ಮೊದಲೇ ಎಂಜಿನ್ ಇಳಿಸುವುದೆಂದರೆ ನೆಗಡಿಯಾದದ್ದಕ್ಕೆ ಮೂಗು ಕೊಯ್ದಂತೆ. ಜೊತೆಗೆ ಎಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್‌ನ ಮುಂದಿನ ಪುಲ್ಲಿ ಅಲುಗುತ್ತಿದೆಯೇ ನೋಡಿಸಿ. ಆರಂಭದ ವರ್ಷಗಳ ಈ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ನ ಮೂತಿ ಗಿಡ್ಡ. ಅಲ್ಲಿನ ಬೋಲ್ಟ್ ಸಡಿಲವಾದರೆ ಕೀಲಿ ಕೂರುವ ತೋಡೇ ಸವೆದುಹೋಗುತ್ತದೆ. ನಿಮ್ಮದು 1990ರದ್ದು.

ಇನ್ನು ಸಾಧಾರಣ ಕಾರಿನ ಮಾತು. ಮನೆಗೆ ಸವತಿ ತಂದಂತೆ ಅಳುಕುತ್ತಿದ್ದೀರಿ. ಕೊಳ್ಳಿ, ಮೊದಲು ಅದನ್ನೇ ಕೊಳ್ಳಿ. ಸೋಮವಾರ ಬೆಳಿಗ್ಗೆ ಕಚೇರಿಗೆ ಹೋಗಲೇಬೇಕೆಂಬ ಒತ್ತಡದಲ್ಲಿ ಭಾನುವಾರ ರಾತ್ರಿ ಬಿಗಿದ ಬೋಲ್ಟ್ ಎಂದೂ ಸರಿಯಾಗಿರುವುದಿಲ್ಲ. ಎಂಜಿನ್ ಪೂರ್ತಿ ಕಾಯುವ ಮೊದಲೇ ಮುಗಿದುಹೋಗುವ ದಿನದ ಸಣ್ಣ ಓಟಗಳಿಂದ ನಿಮ್ಮ ಹಳೆಯ ಗೆಳತಿಯಾದ ಮಜ್ದಾಗೂ ಬಿಡುಗಡೆ ಸಿಗುತ್ತದೆ. ಆದರೆ ಸುಮ್ಮನೆ ನಿಲ್ಲಿಸಿದರೂ ಕಾರು ಕೆಡುತ್ತದೆ: ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ, ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತದೆ, ಪೆಟ್ರೋಲ್ ಹಳಸುತ್ತದೆ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟು ಸಮಾಧಾನಪಡುವುದು ಇನ್ನೂ ಕೆಟ್ಟದ್ದು; ಆಯಿಲ್ ಕಾಯುವುದಿಲ್ಲ, ತೇವ ಒಳಗೇ ಉಳಿಯುತ್ತದೆ. ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ, ಇಲ್ಲವೇ ಮುಟ್ಟಲೇಬೇಡಿ.

ಎರಡನೆಯ ತೀರ್ಮಾನಕ್ಕೆ ಬರೋಣ. ಹೆಂಡತಿಯ ಮುಂದೆ ವಾದ ಮಾಡಬೇಡಿ, ಒಂದು ಕಟ್ಟಳೆ ಒಪ್ಪಿಕೊಳ್ಳಿ: ಕೈಗೆತ್ತಿಕೊಂಡ ಒಂದು ಕೆಲಸ ಮುಗಿದು, ಕಾರು ತನ್ನ ಚಕ್ರಗಳ ಮೇಲೆ ತಾನೇ ಹೊರಗೆ ಬಂದು ಒಂದು ಸುತ್ತು ಹೊಡೆಯುವವರೆಗೆ ಮುಂದಿನ ಕೆಲಸದ ಒಂದು ಬೋಲ್ಟ್ ಕೂಡ ಸಡಿಲಿಸುವಂತಿಲ್ಲ. ಆ ಸುತ್ತಿನಲ್ಲಿ ಪಕ್ಕದ ಸೀಟು ಅವರದು. ಇದರಿಂದ ಖರ್ಚು ತುಸು ಹೆಚ್ಚಾಗಬಹುದು, ಕೆಲವನ್ನು ಎರಡು ಬಾರಿ ಬಿಚ್ಚಬೇಕಾಗಬಹುದು. ಆಗಲಿ. ನೀವು ಹೆದರಿರುವುದು ಕಾರು ನಿಂತುಹೋಗುತ್ತದೆಂದು; ಅವರು ಹೆದರಿರುವುದೂ ಅದಕ್ಕೇ. ಬಿಡಿಭಾಗ ಸಿಗಲಿಕ್ಕಿಲ್ಲವೆಂದು ಎಲ್ಲವನ್ನೂ ಈಗಲೇ ಮಾಡಿ ಮುಗಿಸುವ ಆತುರವೂ ಬೇಡ. ಮೊದಲ ಪೀಳಿಗೆಯ ಈ ಕಾರುಗಳನ್ನು ಮತ್ತೆ ಹೊಸದಾಗಿಸಿ ಕೊಡುವ ಸೇವೆಯನ್ನು ತಯಾರಕರೇ 2017ರಲ್ಲಿ ಜಪಾನಿನಲ್ಲಿ ಘೋಷಿಸಿದರು. ಬಟ್ಟೆಯ ಹುಡ್, ಮರದ ಸ್ಟೀರಿಂಗ್ ಮೊದಲಾದವುಗಳ ತಯಾರಿಕೆಯನ್ನು ಅದಕ್ಕಾಗಿ ಮತ್ತೆ ಕೈಗೆತ್ತಿಕೊಂಡರು.

ದೊಡ್ಡ ಎಂಜಿನ್? ಈಗ ಬೇಡ. ಒಂದು ಟನ್‌ಗಿಂತ ಕಡಿಮೆ ತೂಕದ ಕಾರಿಗೆ ಆ 1.6 ಲೀಟರ್ ಎಂಜಿನ್ ಹನ್ನೊಂದು ವರ್ಷ ಸಾಕಾಗಿತ್ತು. ಎರಡೂ ಸಿಲ್ ಮುಗಿದ ಮೇಲೂ ಆಸೆ ಉಳಿದಿದ್ದರೆ ಮತ್ತೆ ಬರೆಯಿರಿ, ಆ ಪತ್ರ ಒಂದು ಪುಟದ್ದಾಗಿರಲಿ.