ಅಕ್ಕೋರನ್ನ ಕೇಳ್ರಿ: ಮದುವಿ ಆದಮ್ಯಾಲ ಕಥಿ ಉಳೀತದೇನು?

ಪ್ರಶ್ನೆ: ಅಕ್ಕೋರೇ, ನಾನು ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ಸಿಂಡ್ರೆಲಾಳನ್ನು ನಮ್ಮೂರಿಗೆ ತಂದು ಕಾದಂಬರಿ ಬರೆದೆ. ಗಾಜಿನ ಚಪ್ಪಲಿಯ ಬದಲು ಬಿದರಿ ಕಾಲ್ಗಡಗ, ಕುಂಬಳಕಾಯಿ ರಥದ ಬದಲು ನೌಬಾದಿನ ಕರೇಜ್ ಎಂಬ ನೆಲದಡಿಯ ನೀರಿನ ಸುರಂಗದಲ್ಲಿ ತೇಲುವ ದೋಣಿ. ಗೆಳತಿಯರು ನೋಟ್‌ಬುಕ್ಕನ್ನು ಕೈಯಿಂದ ಕೈಗೆ ದಾಟಿಸಿ ಓದಿದರು. ಈಗ ಎರಡನೇ ಭಾಗ ಕೇಳುತ್ತಿದ್ದಾರೆ. ಮದುವೆ ಆಗಿಹೋಗಿದೆ, ಮಲತಾಯಿ ಊರು ಬಿಟ್ಟಿದ್ದಾಳೆ. ಹೊಸ ಮಾಟಗಾತಿಯನ್ನು ತಂದೆ, ಆದರೂ ಕಥೆ ಏಳುತ್ತಿಲ್ಲ. ನಾಲ್ಕು ಅಧ್ಯಾಯ ಬರೆದು ಹರಿದಿದ್ದೇನೆ.
– ಹೆಸರು ಬೇಡ, ಬೀದರ್

ಉತ್ತರ: ಮೊದಲ ಆ ಮಾಟಗಾತಿನ್ನ ಬಂದ ದಾರಿಗೇ ಕಳಿಸವ್ವ. ಆಕಿಗೂ ನಿನ್ನ ಹುಡುಗಿಗೂ ಕೊಡೂದು ತಗೊಳ್ಳೂದು ಏನೂ ಇಲ್ಲ. ಮೊದಲನೇ ಭಾಗದಾಗ ಯಾರೋ ಮಾಡಿದ ಸಾಲ ತೀರಿರೂದಿಲ್ಲ ನೋಡು, ಎರಡನೇ ಭಾಗ ಅಲ್ಲಿಂದ ಹುಟ್ಟತದ.

ನಮ್ಮ ಆಯಿ ಆಳಂದ ಕಡಿಯಾಕಿ. ಹೂವಿನ ಗಿಡ ಆಗೂ ಹುಡುಗಿ ಕಥಿ ಹೇಳ್ತಿದ್ದಳು. ಎ.ಕೆ. ರಾಮಾನುಜನ್ ಅವರು ಕೂಡಿಸಿದ ಕನ್ನಡ ಕಥಿಗಳೊಳಗ ಅದೂ ಅದ. ಬಡ ತಾಯಿಗೆ ನಾಕು ದುಡ್ಡಾಗಲಿ ಅಂತ ಹುಡುಗಿ ಗಿಡ ಆಗ್ತಾಳ. ಅಕ್ಕ ಒಂದು ಕೊಡ ನೀರು ಸುರದರ ಗಿಡ, ಇನ್ನೊಂದು ಕೊಡ ಸುರದರ ಮತ್ತ ಹುಡುಗಿ. ನೀರಿಗೆ ಉಗುರು ತಾಗಬಾರದು, ಹೂ ಹರಿಯೂವಾಗ ಗಿಡಕ್ಕ ನೋವಾಗಬಾರದು, ಅಷ್ಟ ಕರಾರು. ರಾಜಕುಮಾರ ನೋಡ್ತಾನ, ಮದುವಿ ಆಗ್ತದ. ನಾನು ಕಲಬುರಗಿ ಸಾಲಿಯೊಳಗ ಒಮ್ಮೆ ಈ ಕಥಿ ಹೇಳೂವಾಗ ಇಲ್ಲಿಗೇ ಗಂಟಿ ಹೊಡೀತು. ಚಲೋ ಆತು ಅಂತ ಪುಸ್ತಕ ಮುಚ್ಚಿದೆ. ಹಿಂದಿನ ಸಾಲಿನ ಹುಡುಗಿ ಎದ್ದು, ‘ಅಕ್ಕೋರ, ಆಮ್ಯಾಲ ಆಕಿ ಗಿಡ ಆಗಲೇ ಇಲ್ಲೇನ್ರಿ?’ ಅಂದಳು. ಆ ಹುಡುಗಿಗೆ ಗೊತ್ತಾಗಿದ್ದು ನನಗ ಗೊತ್ತಾಗಿರಲಿಲ್ಲ.

ಆಯಿ ಮದುವಿ ಆದಮ್ಯಾಲ ಎಲಿ ಅಡಿಕಿ ಬಾಯಾಗ ಹಾಕ್ಕೊಂಡು, ‘ಈಗ ಕೇಳ್ರಿ’ ಅಂತಿದ್ದಳು. ನಾದಿನಿ ಹಟ ಹಿಡದು ತ್ವಾಟಕ್ಕ ಕರಕೊಂಡು ಹೋಗ್ತಾಳ. ಗೆಳತೇರು ಬೇಕಾದಂಗ ಟೊಂಗಿ ಮುರೀತಾರ, ಎರಡನೇ ಕೊಡ ಹ್ಯಾಂಗಂದರ ಹಂಗ ಚೆಲ್ಲಿ ಓಡಿಹೋಗ್ತಾರ. ಹುಡುಗಿ ಕೈಕಾಲಿಲ್ಲದ ಮುಂಡ ಆಗಿ ಬೀಳ್ತಾಳ. ಹೊಸ ರಾಕ್ಷಸ ಬರಲಿಲ್ಲ, ಹೊಸ ಮಂತ್ರ ಬರಲಿಲ್ಲ. ಅದೇ ನೀರು, ಅದೇ ಕೊಡ, ಹಿಡಿಯೂ ಕೈ ಬ್ಯಾರೆ.

ಈಗ ನಿನ್ನ ಸಿಂಡ್ರೆಲಾ. ಫ್ರಾನ್ಸಿನ ಪೆರೋ 1697ರೊಳಗ ಅಚ್ಚು ಹಾಕಿಸಿದ ಕಥಿಯೊಳಗ ರಾತ್ರಿ ಹನ್ನೆರಡಾದ ಕೂಡಲೆ ರಥ ಕುಂಬಳಕಾಯಿ ಆಗ್ತದ, ಸಾರೋಟಿನಾವ ಇಲಿ ಆಗ್ತಾನ, ಅರಿವಿ ಹರಕು ಆಗ್ತಾವ. ಚಪ್ಪಲಿ ಮಾತ್ರ ಹಂಗೇ ಉಳೀತಾವ, ಎರಡೂ! ಯಾಕ? ಕಥಿ ಬಾಯಿ ಬಿಡೂದಿಲ್ಲ. ನಾನಾಗಿದ್ದರ ಅಲ್ಲೇ ಕೂತು ಎರಡನೇ ಭಾಗ ಹೊಸೀತಿದ್ದೆ.

ನಿನಗ ಚಪ್ಪಲಿಗಿಂತ ಚಲೋದು ಸಿಕ್ಕದ. ಬಿದರಿ ಕೆಲಸ ನಿಮ್ಮ ಓಣಿಯೊಳಗ ನೋಡೇ ಇರ್ತಿ. ಸತುವಿಗೆ ಒಂದೀಟು ತಾಮ್ರ ಕೂಡಿಸಿ ಎರಕ ಹೊಯ್ತಾರ, ಚಿತ್ತಾರ ಕೊರದು ಬೆಳ್ಳಿ ಕೂಡಸ್ತಾರ, ಕಡೀಕ ಬೀದರ ಕೋಟಿಯೊಳಗಿನ ಹಳೇ ಮಣ್ಣಿಗೆ ನವಸಾಗರ ಅನ್ನೂ ಉಪ್ಪು ಕೂಡಿಸಿದ ನೀರಿನಾಗ ಇಡ್ತಾರ. ಸತುವು ಕರ್ರಗಾಗ್ತದ, ಬೆಳ್ಳಿ ಬೆಳ್ಳಗೇ ಉಳೀತದ. ನಿನ್ನ ಕಡಗಕ್ಕ ಆ ಮಣ್ಣು ಯಾರು ತಂದುಕೊಟ್ಟರು? ಕೇಳಿ ತಂದರೇನು, ಕದ್ದು ತಂದರೇನು? ಕೋಟಿ ತನ್ನ ಮಣ್ಣು ತಿರುಗಿ ಕೇಳಿದರ ಕಡಗ ಬೆಳ್ಳಗಾಗಬೇಕಲ್ಲ. ಆವಾಗ ರಾಜಕುಮಾರ ಆಕಿನ್ನ ಹ್ಯಾಂಗ ಗುರುತು ಹಿಡೀತಾನ?

ಕರೇಜಿನಾಗ ದೋಣಿ ಬಿಟ್ಟಿದ್ದು ನನಗ ಭಾಳ ಸೇರಿತು. ಬಹಮನಿ ಕಾಲದ ಆ ಸುರಂಗಕ್ಕ ಮ್ಯಾಲಿಂದ ಸಾಲಾಗಿ ಬಾವಿ ಕಡದಾರ. ಒಂದೊಂದು ಬಾವಿಯಿಂದ ಒಬ್ಬೊಬ್ಬರು ಬಗ್ಗಿ ನೋಡಲಿ. ದೋಣಿ ಹೋಗೂದನ್ನ ಮೊದಲನೇ ಭಾಗದಾಗ ಯಾರೂ ನೋಡಲೇ ಇಲ್ಲಂದರ ನಾ ನಂಬೂದಿಲ್ಲ.

ಹರದ ನಾಕು ಅಧ್ಯಾಯಕ್ಕ ಅಳಬ್ಯಾಡ.

ಪ್ರಶ್ನೆ: ಹತ್ತನೇ ತರಗತಿಯ ಮಗಳು ‘ನಿದ್ರಾಸುಂದರಿ’ಯ ಮುಂದಿನ ಕಥೆ ಅಂತ ಒಂದು ಪುಸ್ತಕ ಓದುತ್ತಿದ್ದಾಳೆ. ಅದರಲ್ಲಿ ಅತ್ತೆ ಮೊಮ್ಮಕ್ಕಳನ್ನೇ ತಿನ್ನಹೊರಡುತ್ತಾಳೆ. ಒಳ್ಳೆಯ ಕಥೆಯನ್ನು ಹೀಗೆ ಕೆಡಿಸಬಹುದೆ? ಪುಸ್ತಕ ಕಸಿದುಕೊಳ್ಳಲೆ?
– ಒಬ್ಬ ತಾಯಿ, ಯಾದಗಿರಿ

ಉತ್ತರ: ಕಸೀಬ್ಯಾಡ್ರಿ ತಂಗಿ. ಕೆಡಿಸಿದವರು ಇಂದಿನವರಲ್ಲ, ಪೆರೋನ ಕಥಿಯೇ ಹಂಗದ. ರಾಜಕುಮಾರಿ ಎದ್ದಮ್ಯಾಲ ಅರ್ಧ ಕಥಿ ಇನ್ನೂ ಬಾಕಿ ಇರ್ತದ. ಅತ್ತಿ ರಾಕ್ಷಸರ ಕುಲದಾಕಿ. ಮಗ ಯುದ್ಧಕ್ಕ ಹೋದಾಗ ಮೊಮ್ಮಕ್ಕಳನ್ನ ಅಡಿಗಿ ಮಾಡು ಅಂತ ಬಾಣಸಿಗನಿಗೆ ಹೇಳ್ತಾಳ. ಆ ಪುಣ್ಯಾತ್ಮ ಕುರಿಮರಿ ಬೇಯಿಸಿ ಬಡಿಸಿ ಮಕ್ಕಳನ್ನ ಬಚ್ಚಿಡ್ತಾನ. ನಮ್ಮ ಕೈಗೆ ಬರೂವಷ್ಟರಾಗ ಯಾರೋ ಆ ಅರ್ಧ ಕತ್ತರಿಸಿ ಬಿಟ್ಟಾರ. ಮಗಳು ಮುಗಿಸಿದ ಮ್ಯಾಲ ನೀವೂ ಓದ್ರಿ. ಮನ್ಯಾಗ ನಿಮ್ಮ ಅತ್ತಿಯವರು ಇದ್ದರ ಪುಸ್ತಕಕ್ಕ ಹಳೇ ಪೇಪರಿನ ರಟ್ಟು ಹಾಕಿ ಓದ್ರಿ.